ಸುಣ್ಣದ ಬೊಟ್ಟು

ನನ್ನ ಹೆಸರು ಹಿನೇಸ್. ಮುರ್ಸಿಯಾ ಪೇಟೆಯ ಅಂಚಿನಲ್ಲಿ
ಇಪ್ಪತ್ತೆರಡು ವರ್ಷದಿಂದ ಕಾರು ಕಲಿಸುತ್ತೇನೆ.
ನನ್ನ ಕಾಲಡಿಯೂ ಒಂದು ಬ್ರೇಕು ಇದೆ,
ಅದೊಂದೇ ನಾನು ನಂಬಿದ ದೇವರು.

ನಮ್ಮೂರ ನೀರಿಗೆ ಮೈಯೆಲ್ಲ ಕಲ್ಲು.
ಸರ್ಕಲ್ಲಿನ ಹುಲ್ಲಿಗೆಂದು ನಸುಕಿನಲ್ಲಿ ಚಿಮ್ಮುವ ತುಂತುರು
ಅರ್ಧ ಹುಲ್ಲಿಗೆ, ಅರ್ಧ ನನ್ನ ಕಾರಿಗೆ.
ಬಿಸಿಲು ಬರುತ್ತದೆ, ನೀರನ್ನಷ್ಟೇ ಕರೆದೊಯ್ಯುತ್ತದೆ,
ಕಲ್ಲನ್ನು ನನ್ನ ತಲೆಗೆ ಕಟ್ಟಿ.

ಗಾಜಿನ ತುಂಬ ಗುಂಡು ಗುಂಡಗೆ ಬಿಳಿ ಬೊಟ್ಟು,
ಗೋಡೆಗೆ ಬಳಿಯುವವನು ಕೆಲಸ ಮುಗಿಸಿ
ಕುಂಚ ಕೊಡವಿ ಹೋದ ಹಾಗೆ.
ನಾನೂ ಸೋಮಾರಿ. ಮುಂದಿನ ಗಾಜಿಗೆ ಬೆಣ್ಣೆ,
ಪಕ್ಕದವಕ್ಕೆ ಸುಣ್ಣ.

ಜೂನ್ ತಿಂಗಳ ಒಂದು ಮಂಗಳವಾರ ಬಂದಳು ಫುಯೆನ್ಸಾಂತಾ.
ವಯಸ್ಸು ಅರವತ್ತೊಂದು. ಹೆಸರಿನ ಅರ್ಥ ಪುಣ್ಯದ ಬುಗ್ಗೆ.
ಮೂವತ್ತೆಂಟು ವರ್ಷ ಕಡಲ ದಂಡೆಯ ಹೋಟೆಲುಗಳಲ್ಲಿ
ಬಚ್ಚಲಿನ ಗಾಜು ಉಜ್ಜಿದ ಕೈ.

ಬೀಗದ ಕೈ ಕೊಟ್ಟೆ. ಒಳಗೆ ಕೂರಲಿಲ್ಲ.
ಕಾರಿಗೆ ಒಂದು ಸುತ್ತು ಬಂದಳು, ಕುದುರೆ ಕೊಳ್ಳುವವಳಂತೆ,
ಒಂದು ಬೊಟ್ಟನ್ನು ಉಗುರಿನಿಂದ ಕೆರೆದು ಕೇಳಿದಳು:
"ಇದರಾಚೆ ಏನಿದೆಯೆಂದು ಕಾಣದೆ
ಎಡಕ್ಕೆ ಹೇಗೆ ತಿರುಗಲಿ?"

ನನ್ನ ಮೂರು ಶೀಷೆ ತೋರಿಸಿದೆ, ನೀಲಿ, ಹಸಿರು, ಗುಲಾಬಿ.
ಮೂಸಿ ನಕ್ಕಳು.
"ಕಲ್ಲಿಗೆ ಅತ್ತರು ಪೂಸುತ್ತಿದ್ದೀಯ."

ಪಾಠ ಶುರುವಾಯಿತು. ಶಿಷ್ಯ ನಾನು.
ಬಿಸಿಲಲ್ಲಿ ಬೇಡ, ಕಾರು ನೆರಳಿಗೆ ತಾ.
ವಿನೆಗರ್ ಒಂದು ಪಾಲು, ನೀರು ಒಂದು ಪಾಲು —
"ನಲ್ಲಿಯದಲ್ಲ ಮಾರಾಯ!
ಕಳ್ಳನನ್ನು ಹಿಡಿಯಲು ಅವನ ತಮ್ಮನನ್ನು ಕಳಿಸುತ್ತಾರೆಯೇ?
ಬ್ಯಾಟರಿಗೆ ಹಾಕುವ ನೀರು ತಾ."
ಹಳೇ ಬನಿಯನ್ ತೋಯಿಸಿ ಗಾಜಿಗೆ ಅಂಟಿಸಿದಳು,
ಜ್ವರ ಬಂದ ಹಣೆಗೆ ಪಟ್ಟಿ ಹಾಕಿದಂತೆ.
ಉಜ್ಜಕೂಡದು. ಹತ್ತು ನಿಮಿಷ ಸುಮ್ಮನಿರಬೇಕು.

ಆ ಹತ್ತು ನಿಮಿಷದಲ್ಲಿ ತಿಳಿದದ್ದು:
ಐದೂಕಾಲರ ಬಸ್ಸು ನಿಂತುಹೋಗಿದೆ.
ಗುರುತುಚೀಟಿಯ ಯಂತ್ರಕ್ಕೆ ಅವಳ ಬೆರಳು ಓದಲು ಬರುವುದಿಲ್ಲ,
ಗೆರೆಯೆಲ್ಲ ಸವೆದಿವೆಯಂತೆ.

ಬಟ್ಟೆ ಕಿತ್ತಳು. ಹಟ ಹಿಡಿದವಕ್ಕೆ ಅರ್ಧ ನಿಂಬೆ,
ಅದಕ್ಕೂ ಬಗ್ಗದವಕ್ಕೆ ಕೂದಲಿನಷ್ಟು ನಯದ ಉಕ್ಕಿನ ನಾರು,
ಗಾಜು ಒದ್ದೆಯಿದ್ದಾಗ ಮಾತ್ರ, ಹಗುರಾಗಿ.
ಎಡಗಾಜು ಮಾಯವಾಯಿತು.
ಬೀದಿಯಾಚೆ ಬೇಕರಿಯ ಬೆಲೆಪಟ್ಟಿ ಕಂಡಿತು,
ಬ್ರೆಡ್ಡು ಹತ್ತು ಸೆಂಟ್ ಏರಿದ್ದು ನನಗೆ ಗೊತ್ತೇ ಇರಲಿಲ್ಲ.

ಹಿಂದಿನ ಬಲಗಾಜಿನಲ್ಲಿ ಒಂದು ಬೊಟ್ಟು ಮಾತ್ರ ಜಪ್ಪಯ್ಯ ಎನ್ನಲಿಲ್ಲ.
ಬೆರಳಾಡಿಸಿ ನೋಡಿದಳು, ಬಹಳ ಹೊತ್ತು.
"ಇದು ಮೇಲೆ ಕೂತದ್ದಲ್ಲ, ತಿಂದು ಒಳಗೆ ಹೋದದ್ದು.
ಬಿಟ್ಟುಬಿಡು."

ಸೆಪ್ಟೆಂಬರಿನಲ್ಲಿ ಪರೀಕ್ಷೆ.
ಅಧಿಕಾರಿ ಕಾಸ್ಕಾಲೆಸ್ ಹಿಂದಿನ ಸೀಟಿನಲ್ಲಿ, ಬಲಕ್ಕೆ.
ಏರಿನಲ್ಲಿ ಎಂಜಿನ್ ಒಮ್ಮೆ ನಿಂತಿತು, ಆಮೇಲೆ ಎಲ್ಲ ಸರಿ.
ಸೇತುವೆಯ ಬಳಿ ಎಡಗಾಲಿ ಬಿಳಿ ಗೆರೆಯನ್ನು
ಒಂದು ಗೇಣು ತುಳಿಯಿತು.
ನನ್ನ ಕಾಲು ಬ್ರೇಕಿನ ಮೇಲೆ ಕಲ್ಲಾಯಿತು.
ಕನ್ನಡಿಯಲ್ಲಿ ನೋಡಿದೆ:
ಕಾಸ್ಕಾಲೆಸ್ ಕರವಸ್ತ್ರ ತೆಗೆದು
ಗಾಜಿನ ಮೇಲಿನ ಅದೇ ಬೊಟ್ಟನ್ನು
ಉಜ್ಜುತ್ತಿದ್ದ, ಬಾಯಿಂದ ಹಬೆಯೂದಿ ಮತ್ತೆ ಉಜ್ಜುತ್ತಿದ್ದ.

ಪಾಸು.

ಈಗ ದಿನಾ ಬೆಳಗಿನ ಜಾವ, ನಾನು ಶಟರ್ ಎತ್ತುವ ಮೊದಲೇ,
ಸರ್ಕಲ್ಲಿನ ಬಳಿ ಅವಳ ಹಳೇ ಸೆಯಾತ್ ಬಂದು ನಿಲ್ಲುತ್ತದೆ,
ತುಂತುರು ಒಂದು ಸುತ್ತು ತಿರುಗಿ ಆಚೆ ಹೋಗುವವರೆಗೂ.
ಹಿಂದಿನವರು ಹಾರ್ನ್ ಹೊಡೆಯುತ್ತಾರೆ.
ಹೊಡೆಯಲಿ.
ನೀರು ಬೆನ್ನು ತಿರುಗಿಸಿದ ಗಳಿಗೆಗೆ ಸರಿಯಾಗಿ
ಮೊದಲ ಗೇರು ಹಾಕುತ್ತಾಳೆ.